ಮುಗಿಲನ್ನು ಲೆಕ್ಕಕ್ಕೆ ತಂದ ಮಾಸ್ತರರು: ವೆಂಕಟೇಶ ಬಾಪೂಜಿ ಕೇತಕರ



1911ರಲ್ಲಿ ಫ್ರಾನ್ಸ್ ದೇಶದ ಖಗೋಳ ಸಂಘದ ಪತ್ರಿಕೆಯಲ್ಲಿ ಒಂದು ಲೇಖನ ಅಚ್ಚಾಯಿತು. ನೆಪ್ಚೂನ್ ಗ್ರಹದ ಆಚೆಗೆ ಇನ್ನೂ ಎರಡು ಗ್ರಹಗಳಿರಬೇಕು, ಅವುಗಳಲ್ಲಿ ಮೊದಲನೆಯದು ಸೂರ್ಯನನ್ನು ಒಂದು ಸುತ್ತು ಹಾಕಲು 242 ವರ್ಷಕ್ಕಿಂತ ಸ್ವಲ್ಪ ಹೆಚ್ಚು ಕಾಲ ತೆಗೆದುಕೊಳ್ಳಬೇಕು ಎಂಬುದು ಅದರ ಸಾರ. ಆ ಲೇಖನ ಬರೆದವರು ಪ್ಯಾರಿಸ್ಸಿನ ಪ್ರೊಫೆಸರರಲ್ಲ, ದೊಡ್ಡ ದುರ್ಬೀನು ಇಟ್ಟುಕೊಂಡ ವೀಕ್ಷಣಾಲಯದ ಅಧಿಕಾರಿಯೂ ಅಲ್ಲ. ಅವರು ನಮ್ಮ ಅಂದಿನ ಅಖಂಡ ವಿಜಾಪುರ ಜಿಲ್ಲೆಯ ಬಾಗಲಕೋಟೆಯಲ್ಲಿ ಮಕ್ಕಳಿಗೆ ಪಾಠ ಹೇಳಿದ ಶಾಲಾ ಮಾಸ್ತರರು. ಹೆಸರು ವೆಂಕಟೇಶ ಬಾಪೂಜಿ ಕೇತಕರ.

ಮಹಾರಾಷ್ಟ್ರದಲ್ಲಿ ಪಂಚಾಂಗ ಬಲ್ಲವರೆಲ್ಲರಿಗೂ ಈ ಹೆಸರು ಗೊತ್ತು. ಆದರೆ ಅವರು ಬದುಕಿ ದುಡಿದ ನಮ್ಮ ನೆಲದಲ್ಲಿ, ಅರಕೇರಿಯಿಂದ ಬಬಲೇಶ್ವರದವರೆಗೆ ಯಾವ ಶಾಲೆಯಲ್ಲಿ ಕೇಳಿದರೂ ಹತ್ತರಲ್ಲಿ ಒಂಬತ್ತು ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ ಎಂದು ನನ್ನ ಅನಿಸಿಕೆ. (ಮರಾಠಿ ಜ್ಞಾನಕೋಶ ರಚಿಸಿದ ಶ್ರೀಧರ ವೆಂಕಟೇಶ ಕೇತಕರ ಬೇರೆಯವರು. ಹೆಸರಿನ ಹೋಲಿಕೆಯಿಂದ ಇಬ್ಬರನ್ನೂ ಒಬ್ಬರೆಂದು ತಿಳಿಯಬಾರದು.) ಆದ್ದರಿಂದ ಈ ಸಂಚಿಕೆಯಲ್ಲಿ ಅವರ ಜೀವನವನ್ನು ತಮ್ಮ ಮುಂದಿಡುತ್ತಿದ್ದೇನೆ. ಅದರ ಜೊತೆಗೆ ಚಂದ್ರಗ್ರಹಣದ ವಿಷಯವೂ ಬರುತ್ತದೆ. ಯಾಕೆಂದರೆ ಮುಗಿಲ ಲೆಕ್ಕ ಸರಿಯೋ ತಪ್ಪೋ ಎಂದು ಸಾಮಾನ್ಯ ಜನ ತಮ್ಮ ಮಾಳಿಗೆಯ ಮೇಲೆ ನಿಂತು ತಾವೇ ಪರೀಕ್ಷೆ ಮಾಡಬಹುದಾದ ದಿನ ಅದು.

ಕೇತಕರರು ಹುಟ್ಟಿದ್ದು 1854ರಲ್ಲಿ, ನರಗುಂದದಲ್ಲಿ. ಇಂದು ಅದು ಗದಗ ಜಿಲ್ಲೆಯಲ್ಲಿದೆ. ಆಗ ನರಗುಂದ ಒಂದು ಸಣ್ಣ ಸಂಸ್ಥಾನ. ಹುಡುಗನಿಗೆ ನಾಲ್ಕು ವರ್ಷ ತುಂಬಿದಾಗ, 1858ರಲ್ಲಿ, ಅಲ್ಲಿಯ ಬಾಬಾಸಾಹೇಬ ಭಾಸ್ಕರರಾವ್ ಬ್ರಿಟಿಷರ ವಿರುದ್ಧ ಬಂಡೆದ್ದರು. ಕೋಟೆ ಬಿತ್ತು, ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು, ಸಂಸ್ಥಾನ ಅಳಿಯಿತು. ಇಂಥ ಊರಿನಲ್ಲಿ ಬೆಳೆದ ಈ ಬಾಲಕನಿಗೆ ತಂದೆ ಬಾಪುಶಾಸ್ತ್ರಿಗಳೇ ಮೊದಲ ಗುರು. ಅವರು ಸ್ವತಃ ಜ್ಯೋತಿಷ ಗಣಿತ ಬಲ್ಲವರು. ಇಲ್ಲಿ ಜ್ಯೋತಿಷ ಎಂದರೆ ಕೈ ನೋಡಿ ಭವಿಷ್ಯ ಹೇಳುವುದಲ್ಲ, ಸೂರ್ಯ ಚಂದ್ರರು ಯಾವ ದಿನ ಯಾವ ಗಳಿಗೆಯಲ್ಲಿ ಮುಗಿಲಿನ ಯಾವ ಜಾಗದಲ್ಲಿರುತ್ತಾರೆ ಎಂಬ ಲೆಕ್ಕ. ಹೀಗೆ ಮುಗಿಲ ವಿದ್ಯೆ ಕೇತಕರರಿಗೆ ಮನೆಯಿಂದಲೇ ಬಂತು. ಮುಂದೆ ಅವರ ಮಗ ದತ್ತರಾಜರೂ ಇದೇ ದಾರಿ ಹಿಡಿದರು. ತಂದೆಯಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ, ಮೂರು ತಲೆಮಾರು ಒಂದೇ ವಿದ್ಯೆ.

1868ರ ಆಗಸ್ಟ್ 18ರಂದು ಖಗ್ರಾಸ ಸೂರ್ಯಗ್ರಹಣದ ನೆರಳು ನಮ್ಮ ಜಿಲ್ಲೆಯ ಮೇಲೆಯೇ ಹಾಯ್ದು ಹೋಯಿತು. ಅದನ್ನು ನೋಡಲು ಜಮಖಂಡಿಗೆ ಬಂದವರು ಲೆಫ್ಟಿನೆಂಟ್ ಜಾನ್ ಹರ್ಷೆಲ್. ಅವರು ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲರ ಮೊಮ್ಮಗ. ನಮ್ಮ ವಿಜಾಪುರದಲ್ಲಿ ಕ್ಯಾಪ್ಟನ್ ಹೇಗ್ ಉಪಕರಣ ಹೂಡಿದ್ದರು. ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ಇದ್ದರು. ಸೂರ್ಯನ ಅಂಚಿನಲ್ಲಿ ಕಾಣುವ ಕೆಂಪು ಜ್ವಾಲೆಗಳು ಉರಿಯುವ ಅನಿಲವೆಂದು ಆ ದಿನ ಖಚಿತವಾಯಿತು. ಮುಂದೆ ಹೀಲಿಯಂ ಎಂದು ಹೆಸರು ಪಡೆದ ಧಾತುವಿನ ಮೊದಲ ಸುಳಿವು ಸಿಕ್ಕಿದ್ದೂ ಆ ವರ್ಷದ ವೀಕ್ಷಣೆಗಳಲ್ಲೇ. ಗೋಳಗುಮ್ಮಟದ ಊರಿಗೆ ವಿಜ್ಞಾನದ ಚರಿತ್ರೆಯಲ್ಲಿಯೂ ಒಂದು ಪುಟ ಇದೆ ಎಂದು ತಾವು ಹೆಮ್ಮೆಯಿಂದ ಹೇಳಬಹುದು. ಅದಕ್ಕೂ ಮೂರು ಶತಮಾನ ಹಿಂದೆ, 1570ರ ಸುಮಾರಿಗೆ, ಮೊದಲನೆಯ ಅಲಿ ಆದಿಲ್ ಶಾಹನ ಕಾಲದಲ್ಲಿ ಇದೇ ಊರಿನಲ್ಲಿ ‘ನುಜೂಮುಲ್ ಉಲೂಮ್’ ಎಂಬ, ನಕ್ಷತ್ರ ವಿದ್ಯೆಯ ಚಿತ್ರಸಹಿತ ದೊಡ್ಡ ಗ್ರಂಥ ಸಿದ್ಧವಾಗಿತ್ತು. ಅದರ ಹಸ್ತಪ್ರತಿ ಈಗ ಐರ್ಲೆಂಡಿನ ಡಬ್ಲಿನ್ ನಗರದ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. 1868ರ ಗ್ರಹಣದ ಹೊತ್ತಿಗೆ ಕೇತಕರರು ಹದಿನಾಲ್ಕು ವರ್ಷದ ಹುಡುಗ.

ಆರೇಳು ವರ್ಷಗಳ ನಂತರ ಅವರು ಮುಂಬಯಿ ಪ್ರಾಂತದ ಶಿಕ್ಷಣ ಇಲಾಖೆಗೆ ಸೇರಿ ಬಾಗಲಕೋಟೆಯ ಇಂಗ್ಲಿಷ್ ಶಾಲೆಯಲ್ಲಿ ಶಿಕ್ಷಕರಾದರು. ಆಗ ಜಿಲ್ಲಾ ಕೇಂದ್ರ ಕಲಾದಗಿ. ಅದು ವಿಜಾಪುರಕ್ಕೆ ಬಂದದ್ದು 1885ರಲ್ಲಿ. ಘಟಪ್ರಭಾ ದಂಡೆಯ ಹಳೆಯ ಬಾಗಲಕೋಟೆಯ ಎಷ್ಟೋ ಓಣಿಗಳು ಈಗ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿವೆ. ಹಗಲೆಲ್ಲ ಶಾಲೆ, ಉಳಿದ ಹೊತ್ತು ಲೆಕ್ಕ, ಇದೇ ಅವರ ದಿನಚರಿ. ಮುಗಿಲು ನೋಡಲು, ಲೆಕ್ಕ ಮಾಡಲು ಅವರಿಗೆ ಯಾರೂ ಸಂಬಳ ಕೊಡುತ್ತಿರಲಿಲ್ಲ. ಇಂಗ್ಲಿಷಿನಲ್ಲಿ ಇಂಥವರಿಗೆ ಅಮೆಚೂರ್ ಎನ್ನುತ್ತಾರೆ. ನಾವು ಹವ್ಯಾಸಿ ಎನ್ನುತ್ತೇವೆ. ಆ ಶಬ್ದದಲ್ಲಿ ಸ್ವಲ್ಪ ಹಗುರತನ ಇದೆ ಎಂದು ನನಗೆ ಯಾವಾಗಲೂ ಅನಿಸುತ್ತದೆ. ಕೇತಕರರ ಕೆಲಸದಲ್ಲಿ ಮಾತ್ರ ಹಗುರವಾದದ್ದು ಏನೂ ಇರಲಿಲ್ಲ.

ಅವರು ಹಿಡಿದ ಕೆಲಸ ಯಾವುದು ಎಂದು ತಿಳಿಯಬೇಕಾದರೆ ಅಂದಿನ ಪಂಚಾಂಗದ ಸ್ಥಿತಿ ಗೊತ್ತಿರಬೇಕು. ಮಹಾರಾಷ್ಟ್ರದಲ್ಲಿ ಮತ್ತು ನಮ್ಮ ಭಾಗದಲ್ಲಿ ಪಂಚಾಂಗ ಬರೆಯುವವರು ಹೆಚ್ಚಾಗಿ ‘ಗ್ರಹಲಾಘವ’ ಎಂಬ ಗ್ರಂಥವನ್ನು ಆಧಾರವಾಗಿ ಇಟ್ಟುಕೊಂಡಿದ್ದರು. ಕೊಂಕಣದ ಗಣೇಶ ದೈವಜ್ಞ ಅದನ್ನು ಬರೆದದ್ದು 1520ರಲ್ಲಿ. ಬಹಳ ಜಾಣತನದ ಗ್ರಂಥ ಅದು. ಕಠಿಣವಾದ ತ್ರಿಕೋನಮಿತಿ ಇಲ್ಲದೆ ಸಾದಾ ಕೂಡಿಸುವ, ಕಳೆಯುವ, ಗುಣಿಸುವ ಲೆಕ್ಕದಿಂದಲೇ ಗ್ರಹಗಳ ಸ್ಥಾನ ತೆಗೆಯಬಹುದಿತ್ತು. ಆದರೆ ಮುಗಿಲ ಲೆಕ್ಕದಲ್ಲಿ ಎಷ್ಟೇ ಚಿಕ್ಕ ದೋಷವಿದ್ದರೂ ಅದು ವರ್ಷ ವರ್ಷಕ್ಕೆ ಕೂಡುತ್ತ ಹೋಗುತ್ತದೆ. ದಿನಕ್ಕೆ ಒಂದು ಸೆಕೆಂಡು ಹಿಂದೆ ಬೀಳುವ ಗಡಿಯಾರ ಹತ್ತು ವರ್ಷಕ್ಕೆ ಒಂದು ಗಂಟೆ ಹಿಂದೆ ಬೀಳುವುದಿಲ್ಲವೇ, ಹಾಗೆ. ಮುನ್ನೂರೈವತ್ತು ವರ್ಷಗಳಲ್ಲಿ ಪುಸ್ತಕದ ಗ್ರಹ ಒಂದು ಕಡೆ, ಮುಗಿಲಿನ ಗ್ರಹ ಇನ್ನೊಂದು ಕಡೆ ಆಗಿತ್ತು.

ಈ ದೋಷ ಸಾಮಾನ್ಯ ಜನರಿಗೆ ಕಾಣುವುದು ಹೇಗೆ? ಇವತ್ತು ತದಿಗೆ ಎಂದು ಪಂಚಾಂಗ ಹೇಳಿದರೆ, ಆ ತದಿಗೆ ಯಾವ ಗಳಿಗೆಗೆ ಮುಗಿಯಿತು ಎಂದು ಮುಗಿಲಲ್ಲಿ ಬರೆದಿರುವುದಿಲ್ಲ. ತಿಥಿ ಕಣ್ಣಿಗೆ ಕಾಣುವ ವಸ್ತುವಲ್ಲ. ಗ್ರಹಣ ಮಾತ್ರ ಕಣ್ಣಿಗೆ ಕಾಣುತ್ತದೆ. ಇಷ್ಟು ಗಂಟೆಗೆ ಸ್ಪರ್ಶ ಎಂದು ಪಂಚಾಂಗ ಹೇಳಿದರೆ ಆ ಹೊತ್ತಿಗೆ ಚಂದ್ರನ ಅಂಚು ಕಪ್ಪಾಗಲೇಬೇಕು. ಆಗದಿದ್ದರೆ ಊರಿಗೆ ಊರೇ ಸಾಕ್ಷಿ.

ಚಂದ್ರಗ್ರಹಣ ಹೇಗೆ ಆಗುತ್ತದೆ ಎಂಬುದು ತಮಗೆಲ್ಲ ಪಾಠದಲ್ಲಿ ಬಂದಿದೆ. ಸೂರ್ಯ, ಭೂಮಿ, ಚಂದ್ರ ಒಂದೇ ಸಾಲಿನಲ್ಲಿ ಬಂದಾಗ ಭೂಮಿಯ ನೆರಳು ಚಂದ್ರನ ಮೇಲೆ ಬೀಳುತ್ತದೆ. ಹಾಗಾದರೆ ಪ್ರತಿ ಹುಣ್ಣಿಮೆಗೂ ಗ್ರಹಣ ಯಾಕೆ ಆಗುವುದಿಲ್ಲ ಎಂದು ಪ್ರತಿ ವರ್ಷ ಒಬ್ಬನಾದರೂ ವಿದ್ಯಾರ್ಥಿ ಕೇಳುತ್ತಾನೆ. ಒಳ್ಳೆಯ ಪ್ರಶ್ನೆ. ಚಂದ್ರನ ದಾರಿ ಭೂಮಿಯ ದಾರಿಗೆ ಸುಮಾರು ಐದು ಡಿಗ್ರಿ ಓರೆಯಾಗಿದೆ. ಎರಡು ದಾರಿಗಳು ಎರಡೇ ಕಡೆ ದಾಟುತ್ತವೆ. ಆ ದಾಟುವ ಜಾಗಗಳಿಗೇ ನಮ್ಮ ಹಿರಿಯರು ರಾಹು, ಕೇತು ಎಂದು ಹೆಸರಿಟ್ಟರು. ಹುಣ್ಣಿಮೆಯ ಚಂದ್ರ ಆ ಜಾಗದ ಹತ್ತಿರ ಇದ್ದರೆ ಮಾತ್ರ ಗ್ರಹಣ, ಇಲ್ಲದಿದ್ದರೆ ನೆರಳಿನ ಮೇಲೋ ಕೆಳಗೋ ಪಾರಾಗಿ ಹೋಗುತ್ತಾನೆ. ಚಂದ್ರನ ದೂರದಲ್ಲಿ ಭೂಮಿಯ ಕಪ್ಪು ನೆರಳಿನ ಅಗಲ ಚಂದ್ರನ ಅಗಲಕ್ಕಿಂತ ಎರಡೂವರೆ ಪಟ್ಟಿಗೂ ಸ್ವಲ್ಪ ಹೆಚ್ಚು. ಚಂದ್ರ ಒಂದು ಗಂಟೆಗೆ ಸುಮಾರು ತನ್ನ ಅಗಲದಷ್ಟೇ ದೂರ ಸರಿಯುತ್ತಾನೆ. ಆದ್ದರಿಂದ ಖಗ್ರಾಸ ಗ್ರಹಣ ಬಹಳವೆಂದರೆ ಒಂದು ಮುಕ್ಕಾಲು ಗಂಟೆಯ ಆಸುಪಾಸು ನಿಲ್ಲುತ್ತದೆ. ಪೂರ್ತಿ ಮುಚ್ಚಿದರೂ ಚಂದ್ರ ಮಾಯವಾಗುವುದಿಲ್ಲ, ತಾಮ್ರದ ಬಣ್ಣಕ್ಕೆ ತಿರುಗುತ್ತಾನೆ. ಭೂಮಿಯ ಗಾಳಿಯ ಪದರದಲ್ಲಿ ಬಾಗಿ ಬರುವ ಕೆಂಪು ಬೆಳಕು ಅವನನ್ನು ಮುಟ್ಟುತ್ತಿರುತ್ತದೆ. ಭೂಮಿಯ ಎಲ್ಲ ಸೂರ್ಯೋದಯ, ಸೂರ್ಯಾಸ್ತಗಳ ಬಣ್ಣ ಅದು.

ಸೂರ್ಯಗ್ರಹಣಕ್ಕೂ ಚಂದ್ರಗ್ರಹಣಕ್ಕೂ ಇನ್ನೊಂದು ದೊಡ್ಡ ಭೇದವಿದೆ. ಸೂರ್ಯಗ್ರಹಣ ಊರಿಂದ ಊರಿಗೆ ಬೇರೆ. ಚಂದ್ರಗ್ರಹಣ ಹಾಗಲ್ಲ. ಚಂದ್ರ ಕಾಣುವ ಕಡೆಯಲ್ಲೆಲ್ಲ ಅದು ಒಂದೇ ಕ್ಷಣಕ್ಕೆ ಆರಂಭವಾಗಿ ಒಂದೇ ಕ್ಷಣಕ್ಕೆ ಮುಗಿಯುತ್ತದೆ. ಈ ಸಂಗತಿಯನ್ನು ಅತ್ಯಂತ ಸುಂದರವಾಗಿ ಉಪಯೋಗಿಸಿದವರಲ್ಲಿ ಅಬೂ ರೈಹಾನ್ ಅಲ್-ಬಿರೂನಿ ಒಬ್ಬರು. 997ರ ಮೇ 24ರ ಚಂದ್ರಗ್ರಹಣವನ್ನು ಅವರು ಖ್ವಾರಿಜ್ಮ್‌ನ ಕಾಥ್ ಪಟ್ಟಣದಲ್ಲಿ ನೋಡಿದರು. ಮೊದಲೇ ಮಾಡಿಕೊಂಡ ಒಪ್ಪಂದದಂತೆ ಅದೇ ಗ್ರಹಣವನ್ನು ಬಗ್ದಾದಿನಲ್ಲಿ ಅಬುಲ್ ವಫಾ ನೋಡಿದರು. ಇಬ್ಬರೂ ತಮ್ಮ ತಮ್ಮ ಊರಿನ ಸಮಯ ಬರೆದಿಟ್ಟರು. ಸುಮಾರು ಒಂದು ಗಂಟೆಯ ವ್ಯತ್ಯಾಸ ಬಂತು. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಹೀಗೆ ಎರಡು ಊರುಗಳ ನಡುವಿನ ರೇಖಾಂಶದ ಅಂತರ ಸಿಕ್ಕಿತು. ತಂತಿ ಇಲ್ಲ, ಟೆಲಿಫೋನ್ ಇಲ್ಲ. ಚಂದ್ರನೇ ಇಬ್ಬರಿಗೂ ಒಂದೇ ಗಡಿಯಾರ. ಆಗ ಅಲ್-ಬಿರೂನಿಯ ವಯಸ್ಸು ಇಪ್ಪತ್ತಮೂರೋ ಇಪ್ಪತ್ತನಾಲ್ಕೋ. ಮುಂದೆ ಅವರು ಹಿಂದೂಸ್ತಾನದ ವಿದ್ಯೆಗಳನ್ನು ಅರಿಯಲು ಸಂಸ್ಕೃತ ಕಲಿತು ಗ್ರಂಥ ಬರೆದದ್ದು ತಮಗೆ ಗೊತ್ತೇ ಇದೆ.

ಕೇತಕರರ ಕಾಲಕ್ಕೆ ಮರಳೋಣ. ಹಳೆಯ ಪಂಚಾಂಗಗಳ ದೋಷ ಗ್ರಹಣದಲ್ಲಿ ಕಾಣುತ್ತದೆ ಎಂದೆ. ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ಇದು ನನಗೆ ಈ ವಿಷಯದಲ್ಲಿ ಅತ್ಯಂತ ಸ್ವಾರಸ್ಯಕರವಾಗಿ ಕಂಡ ಭಾಗ, ಆದ್ದರಿಂದ ಸ್ವಲ್ಪ ನಿಧಾನವಾಗಿ ಓದಬೇಕೆಂದು ವಿನಂತಿ.

ಚಂದ್ರನ ನಡಿಗೆ ಒಂದೇ ವೇಗದ್ದಲ್ಲ. ಭೂಮಿಗೆ ಹತ್ತಿರ ಬಂದಾಗ ವೇಗ, ದೂರ ಹೋದಾಗ ನಿಧಾನ. ಇದಕ್ಕಾಗಿ ಹಳೆಯ ಸಿದ್ಧಾಂತಗಳು ಸುಮಾರು ಐದು ಡಿಗ್ರಿಯವರೆಗಿನ ಒಂದು ತಿದ್ದುಪಡಿ ಇಟ್ಟಿದ್ದವು. ನಿಜದಲ್ಲಿ ಈ ತಿದ್ದುಪಡಿ ಆರು ಡಿಗ್ರಿಗೂ ಮೀರಿದ್ದು. ಅದರ ಜೊತೆಗೆ ಸೂರ್ಯನ ಸೆಳೆತದಿಂದ ಒಂದೂಕಾಲು ಡಿಗ್ರಿಯಷ್ಟು ಇನ್ನೊಂದು ತಿದ್ದುಪಡಿಯೂ ಬೇಕು. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಈ ಎರಡು ಒಂದಕ್ಕೊಂದು ವಿರುದ್ಧವಾಗಿ ನಿಂತು ಐದು ಡಿಗ್ರಿಯೇ ಉಳಿಯುತ್ತದೆ. ಅಷ್ಟಮಿಯ ಹೊತ್ತಿಗೆ ಎರಡೂ ಕೂಡಿಕೊಂಡು ಏಳೂವರೆ ಡಿಗ್ರಿ ಆಗಬಹುದು. ಈಗ ವಿಚಾರ ಮಾಡಿ. ಪ್ರಾಚೀನರು ಚಂದ್ರನ ಲೆಕ್ಕವನ್ನು ಪರೀಕ್ಷೆ ಮಾಡಿದ್ದು ಹೆಚ್ಚಾಗಿ ಗ್ರಹಣಗಳಲ್ಲಿ. ಗ್ರಹಣ ಆಗುವುದು ಹುಣ್ಣಿಮೆ ಅಮಾವಾಸ್ಯೆಯಲ್ಲಿ ಮಾತ್ರ. ಆದ್ದರಿಂದ ಅಲ್ಲಿ ಲೆಕ್ಕ ಹೆಚ್ಚುಕಡಿಮೆ ಕೂಡಿತು, ನಡುವಿನ ದಿನಗಳಲ್ಲಿ ತಪ್ಪು ಅಡಗಿ ಕುಳಿತಿತು. ಎರಡೂವರೆ ಡಿಗ್ರಿ ಎಂದರೆ ಚಂದ್ರನ ನಡಿಗೆಯಲ್ಲಿ ಸುಮಾರು ಐದು ತಾಸು. ಗ್ರಹಣದ ಸಮಯ ಸುಮಾರಾಗಿ ಹೊಂದಿತೆಂದು ಜನ ನಂಬಿದ ಪಂಚಾಂಗವೇ ಅಷ್ಟಮಿ ನವಮಿಗಳ ಲೆಕ್ಕದಲ್ಲಿ ನಾಲ್ಕೈದು ತಾಸು ಹಿಂದೆಮುಂದೆ ಆಗುತ್ತಿತ್ತು. ಗ್ರಹಣ ಒಳ್ಳೆಯ ಪರೀಕ್ಷೆ ನಿಜ, ಆದರೆ ವರ್ಷಕ್ಕೊಮ್ಮೆ ಬರುವ ಪರೀಕ್ಷೆಯಲ್ಲಿ ಪಾಸಾದ ಹುಡುಗನಿಗೆ ಎಲ್ಲ ಪಾಠವೂ ಬರುತ್ತದೆ ಎಂದು ಹೇಳಲಾಗುವುದಿಲ್ಲ. ಇದು ಮಾಸ್ತರರಿಗೆ ಚೆನ್ನಾಗಿ ಗೊತ್ತಿರುವ ಮಾತು.

ಈ ದೋಷವನ್ನು ಭಾರತದಲ್ಲಿ ಕಂಡವರು ಕೇತಕರರೊಬ್ಬರೇ ಅಲ್ಲ. ಒಡಿಶಾದ ಸಾಮಂತ ಚಂದ್ರಶೇಖರರು (1835–1904) ಬಿದಿರು ಕಡ್ಡಿಗಳ ಉಪಕರಣಗಳಿಂದ ಬರಿಗಣ್ಣಿನಲ್ಲೇ ಚಂದ್ರನನ್ನು ಅಳೆದು ಈ ತಿದ್ದುಪಡಿಗಳನ್ನು ತಾವೇ ಕಂಡುಕೊಂಡರು. ಪುಣೆಯಲ್ಲಿ ಕೇರೋ ಲಕ್ಷ್ಮಣ ಛತ್ರೆಯವರು 1860ರಲ್ಲಿ ಯುರೋಪಿನ ಕೋಷ್ಟಕಗಳ ಆಧಾರದ ಮೇಲೆ ಮರಾಠಿಯಲ್ಲಿ ಗ್ರಹಗಳ ಲೆಕ್ಕದ ಪುಸ್ತಕ ತಂದರು. ಕೇತಕರರ ತಂದೆ ಬಾಪುಶಾಸ್ತ್ರಿಗಳು ಅದನ್ನು ಸಂಸ್ಕೃತಕ್ಕೆ ತಂದರು. ಮಗ ಮುಂದಿನ ಹೆಜ್ಜೆ ಇಟ್ಟರು.

1890ರ ಸುಮಾರಿಗೆ ಕೇತಕರರು ‘ಜ್ಯೋತಿರ್ಗಣಿತ’ವನ್ನು ಸಂಸ್ಕೃತದಲ್ಲಿ ಬರೆದರು. ಆಮೇಲೆ ‘ಕೇತಕೀ ಗ್ರಹಗಣಿತ’ ಬಂತು. ಒಳಗಿನ ಲೆಕ್ಕ ಲೆವೆರಿಯೇ ಮೊದಲಾದ ಯುರೋಪಿನ ಗಣಿತಜ್ಞರ ಹೊಸ ಲೆಕ್ಕ. ಹೊರಗಿನ ರೂಪ ಮಾತ್ರ ಪಂಚಾಂಗದವರಿಗೆ ಬಾಯಿಪಾಠವಾಗಿದ್ದ ಗ್ರಹಲಾಘವದ ಮಾದರಿಯದು. ಇದರ ಹಿಂದಿನ ಜಾಣತನವನ್ನು ಗಮನಿಸಬೇಕು. ಪಂಚಾಂಗ ಬರೆಯುವವರ ಕೈಗೆ ಇಂಗ್ಲಿಷ್ ಪುಸ್ತಕ ಕೊಟ್ಟಿದ್ದರೆ ಅದು ಕಪಾಟಿನಲ್ಲಿ ಕುಳಿತಿರುತ್ತಿತ್ತು. ಅವರ ಭಾಷೆಯಲ್ಲಿ, ಅವರ ಪದ್ಧತಿಯಲ್ಲಿ ಕೊಟ್ಟದ್ದರಿಂದ ಅದು ಉಪಯೋಗಕ್ಕೆ ಬಂತು. ಉರ್ದು ಮಾಧ್ಯಮದ ಮಕ್ಕಳಿಗೆ ಕನ್ನಡ ಕಲಿಸುವ ನನ್ನಂಥವರಿಗೆ ಈ ಮಾತಿನ ಬೆಲೆ ದಿನಾಲೂ ಗೊತ್ತಾಗುತ್ತದೆ. ಸಾಮಾನ್ಯ ಓದುಗರಿಗಾಗಿ ಅವರು ಮರಾಠಿಯಲ್ಲಿ ‘ನಕ್ಷತ್ರ ವಿಜ್ಞಾನ’ ಎಂಬ ಪುಸ್ತಕವನ್ನೂ ಬರೆದರು.

ಗ್ರಂಥ ಬರೆದ ಮೇಲೆ ಜಗಳ ಶುರುವಾಯಿತು. ತಿಥಿ ಬದಲಾದರೆ ಉಪವಾಸ ಬದಲಾಗುತ್ತದೆ, ಹಬ್ಬ ಬದಲಾಗುತ್ತದೆ. ಅಜ್ಜ ಮುತ್ತಜ್ಜಂದಿರು ಮಾಡಿದ್ದು ತಪ್ಪೇ ಎಂಬ ಪ್ರಶ್ನೆ ಏಳುತ್ತದೆ. ಈದ್ ಚಂದ್ರನ ವಿಷಯದಲ್ಲಿ ಕಣ್ಣಿನಿಂದ ನೋಡಬೇಕೋ ಲೆಕ್ಕ ಸಾಕೋ ಎಂಬ ಚರ್ಚೆ ನಮ್ಮಲ್ಲಿಯೂ ಕೇಳಿದವರಿಗೆ ಈ ಕಳವಳ ಅರ್ಥವಾಗುವುದು ಕಷ್ಟವಲ್ಲ. ಇದರ ಮೇಲೆ ಇನ್ನೊಂದು ವಿವಾದವೂ ಸೇರಿತು. ನಕ್ಷತ್ರ ಚಕ್ರದ ಆರಂಭ ಬಿಂದು ಎಲ್ಲಿ? ರೇವತಿಯ ಒಂದು ಮಸುಕು ತಾರೆಯಿಂದ ಎಣಿಸಬೇಕೆಂದು ಒಂದು ಪಕ್ಷ. ಲೋಕಮಾನ್ಯ ತಿಲಕರು ಆ ಕಡೆಗಿದ್ದರು. ಹೊಳೆಯುವ ಚಿತ್ರಾ ನಕ್ಷತ್ರಕ್ಕೆ ನೇರ ಎದುರಿನ ಬಿಂದುವಿನಿಂದ ಎಣಿಸಬೇಕೆಂದು ಕೇತಕರರ ಪಕ್ಷ. ಎರಡರ ನಡುವೆ ಸುಮಾರು ನಾಲ್ಕು ಡಿಗ್ರಿ ಅಂತರ. ತಿಲಕರಂಥ ದೇಶಪ್ರಸಿದ್ಧ ನಾಯಕರ ಪಕ್ಷಕ್ಕೆ ಎದುರಾಗಿ ಬಾಗಲಕೋಟೆಯ ಮಾಸ್ತರರೊಬ್ಬರು ವಾದ ಮಂಡಿಸುವುದು ಸಣ್ಣ ಮಾತಲ್ಲ. ಕೇತಕರರು ತಮ್ಮ ನಿಲುವು ಬಿಡಲಿಲ್ಲ. ಸ್ವಾತಂತ್ರ್ಯಾನಂತರ, 1952ರಲ್ಲಿ, ಭಾರತ ಸರಕಾರ ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ ಪಂಚಾಂಗ ಸುಧಾರಣಾ ಸಮಿತಿ ನೇಮಿಸಿತು. 1955ರ ವರದಿಯಲ್ಲಿ ಸಮಿತಿ ಒಪ್ಪಿದ್ದು ಚಿತ್ರಾ ಪಕ್ಷವನ್ನೇ. ಅದನ್ನು ನೋಡಲು ಕೇತಕರರು ಇರಲಿಲ್ಲ.

ಇನ್ನು ಪ್ಯಾರಿಸ್ಸಿನ ಪತ್ರಿಕೆಯ ಲೇಖನದ ವಿಷಯ. ಗುರುಗ್ರಹದ ಉಪಗ್ರಹಗಳಲ್ಲಿ ಮೂರರ ಸುತ್ತುವ ಅವಧಿಗಳು ಒಂದಕ್ಕೊಂದು ಹೊಂದಿಕೊಂಡಿವೆ ಎಂದು ಲಾಪ್ಲಾಸ್ ಎಂಬ ಫ್ರೆಂಚ್ ಗಣಿತಜ್ಞ ತೋರಿಸಿದ್ದರು. ಅಂಥದೇ ಹೊಂದಾಣಿಕೆ ದೂರದ ಗ್ರಹಗಳಲ್ಲಿಯೂ ಇರಬೇಕೆಂದು ಕೇತಕರರು ಊಹಿಸಿದರು. ನೆಪ್ಚೂನ್ ಆಚೆಯ ಎರಡು ಗ್ರಹಗಳಿಗೆ ಬ್ರಹ್ಮ, ವಿಷ್ಣು ಎಂದು ಹೆಸರನ್ನೂ ಇಟ್ಟರು. ಬ್ರಹ್ಮದ ಅವಧಿ 242.28 ವರ್ಷ, ದೂರ ಸೂರ್ಯನಿಂದ ಭೂಮಿಗಿರುವ ದೂರದ 38.95 ಪಟ್ಟು. 1930ರ ಫೆಬ್ರವರಿ 18ರಂದು ಅಮೆರಿಕದ ಲೋವೆಲ್ ವೀಕ್ಷಣಾಲಯದಲ್ಲಿ ರೈತನ ಮಗ ಕ್ಲೈಡ್ ಟಾಂಬೋ ಪ್ಲೂಟೋವನ್ನು ಕಂಡರು. ಅದರ ಅವಧಿ ಸುಮಾರು 248 ವರ್ಷ, ಸರಾಸರಿ ದೂರ 39.5 ಪಟ್ಟು.

ಅಂಕಿಗಳು ಇಷ್ಟು ಹತ್ತಿರ ಬಂದದ್ದನ್ನು ಕಂಡು ಪ್ಲೂಟೋವನ್ನು ಕಂಡುಹಿಡಿದವರು ನಮ್ಮ ಕೇತಕರರೇ ಎಂದು ಕೆಲವರು ಉತ್ಸಾಹದಿಂದ ಹೇಳುತ್ತಾರೆ. ಹಾಗೆ ಹೇಳುವುದು ನ್ಯಾಯವಲ್ಲ ಎಂದು ನನ್ನ ಅಭಿಪ್ರಾಯ. ಟಾಂಬೋ ತಿಂಗಳುಗಟ್ಟಲೆ ಛಾಯಾಚಿತ್ರದ ಫಲಕಗಳನ್ನು ಹೋಲಿಸಿ ಅದನ್ನು ಹುಡುಕಿದರು. ಕೇತಕರರ ಲೆಕ್ಕ ಅವರಿಗೆ ದಾರಿ ತೋರಿಸಿರಲಿಲ್ಲ. ಎರಡನೆಯ ಗ್ರಹ ವಿಷ್ಣು ಸಿಗಲೇ ಇಲ್ಲ. 2006ರಲ್ಲಿ ಪ್ಲೂಟೋವನ್ನೇ ಗ್ರಹಗಳ ಪಟ್ಟಿಯಿಂದ ತೆಗೆದು ಕುಬ್ಜ ಗ್ರಹವೆಂದು ಕರೆದರು. ಆದರೂ ಒಂದು ಮಾತು ಉಳಿಯುತ್ತದೆ. ನೆಪ್ಚೂನ್ ಮೂರು ಸುತ್ತು ಹಾಕುವ ಹೊತ್ತಿಗೆ ಪ್ಲೂಟೋ ಸರಿಯಾಗಿ ಎರಡು ಸುತ್ತು ಹಾಕುತ್ತದೆ ಎಂದು ಮುಂದೆ ವಿಜ್ಞಾನಿಗಳು ಕಂಡರು. ದೂರದ ಗ್ರಹಗಳಲ್ಲಿ ಅವಧಿಗಳ ಹೊಂದಾಣಿಕೆ ಇರುತ್ತದೆ ಎಂಬ ಅವರ ಊಹೆ ಪೂರ್ತಿ ಬರಿದಾಗಿರಲಿಲ್ಲ. ಗ್ರಂಥಾಲಯ, ಸಹೋದ್ಯೋಗಿಗಳು, ಕಂಪ್ಯೂಟರ್ ಯಾವುದೂ ಇಲ್ಲದ ಊರಿನಲ್ಲಿ ಕುಳಿತು ಕೈಲೆಕ್ಕದಿಂದ ಇಷ್ಟು ತೆಗೆದದ್ದೇ ಅವರ ಗೌರವಕ್ಕೆ ಸಾಕು. ಇಲ್ಲದ ಕಿರೀಟ ತೊಡಿಸುವ ಅಗತ್ಯವಿಲ್ಲ.

1923ರಲ್ಲಿ, ಅರವತ್ತೊಂಬತ್ತರ ವಯಸ್ಸಿನಲ್ಲಿ, ಅವರು ಇಂಗ್ಲಿಷಿನಲ್ಲಿ ಭಾರತೀಯ ಮತ್ತು ವಿದೇಶೀ ಕಾಲಗಣನೆಯ ಮೇಲೆ ದೊಡ್ಡ ಗ್ರಂಥ ಪ್ರಕಟಿಸಿದರು. ಚೀನದ, ಯಹೂದ್ಯರ, ಈಜಿಪ್ತಿನ ಕಾಪ್ಟ್ ಜನರ ಪಂಚಾಂಗಗಳ ವಿಚಾರವೂ ಅದರಲ್ಲಿದೆ. ಶಿಲಾಶಾಸನಗಳ ತಾರೀಖು ತಿಳಿಯಬೇಕಾದವರಿಗೆ ಅದು ಬಹಳ ಉಪಯುಕ್ತ. ಪ್ಲೂಟೋ ಸಿಕ್ಕ 1930ರಲ್ಲಿಯೇ ಅವರು ತೀರಿಕೊಂಡರು. ಕೇತಕೀ ಗ್ರಹಗಣಿತಕ್ಕೆ ವ್ಯಾಖ್ಯಾನ ಬರೆದು ಆ ಕೆಲಸವನ್ನು ಮುಂದುವರಿಸಿದವರು ಮಗ ದತ್ತರಾಜರು.

ಇಷ್ಟು ಓದಿದ ಮೇಲೆ ತಾವು ಒಂದು ಗ್ರಹಣವನ್ನಾದರೂ ಮನೆಯವರೊಡನೆ ಕುಳಿತು ನೋಡಬೇಕೆಂದು ನನ್ನ ಆಸೆ. ಸೂರ್ಯಗ್ರಹಣವನ್ನು ಬರಿಗಣ್ಣಿನಿಂದ ಎಂದೂ ನೋಡಬಾರದು, ಕಣ್ಣು ಹೋಗುತ್ತದೆ. ಚಂದ್ರಗ್ರಹಣಕ್ಕೆ ಆ ಭಯ ಕಿಂಚಿತ್ತೂ ಇಲ್ಲ. ಅದು ಹುಣ್ಣಿಮೆಯ ಬೆಳಕಿಗಿಂತ ಕಡಿಮೆ ಬೆಳಕು. ಆದರೂ ನಮ್ಮ ಹಳ್ಳಿಗಳಲ್ಲಿ ಎಲ್ಲ ಜಾತಿ ಧರ್ಮದ ಮನೆಗಳಲ್ಲಿಯೂ ಆ ರಾತ್ರಿ ಬಾಗಿಲು ಹಾಕುತ್ತಾರೆ, ಬಸುರಿ ಹೆಣ್ಣುಮಕ್ಕಳನ್ನು ಕತ್ತಲೆಯಲ್ಲಿ ಕೂರಿಸುತ್ತಾರೆ, ಊಟ ಚೆಲ್ಲುತ್ತಾರೆ. ಪ್ರವಾದಿಯವರ (ಸ.ಅ.) ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡ ದಿನವೇ ಸೂರ್ಯಗ್ರಹಣವಾಯಿತು, ಜನ ಅದನ್ನು ಆ ಸಾವಿಗೆ ಜೋಡಿಸಿದರು. ಯಾರ ಸಾವು ಬದುಕಿಗಾಗಿಯೂ ಸೂರ್ಯ ಚಂದ್ರರಿಗೆ ಗ್ರಹಣ ಹಿಡಿಯುವುದಿಲ್ಲ ಎಂದು ಅವರು ಸ್ಪಷ್ಟವಾಗಿ ತಿಳಿಸಿದರು, ನಮಾಜಿಗೆ ನಿಂತರು. ಮಗನನ್ನು ಕಳೆದುಕೊಂಡ ದಿನ ಹೇಳಿದ ಮಾತು ಅದು ಎಂಬುದನ್ನು ಮರೆಯಬಾರದು.

2018ರ ಜನವರಿ 31ರ ಸಂಜೆ ಅರಕೇರಿಯ ನಮ್ಮ ಮನೆಯ ಮಾಳಿಗೆಯ ಮೇಲೆ ಚಾಪೆ ಹಾಸಿ ನಾವೆಲ್ಲ ಕುಳಿತಿದ್ದೆವು. ಆ ದಿನ ಚಂದ್ರ ಹುಟ್ಟಿದ್ದೇ ಗ್ರಹಣ ಹಿಡಿದುಕೊಂಡು. ಪೂರ್ವ ದಿಕ್ಕಿನ ಹೊಲಗಳ ಮೇಲೆ ಹುಣ್ಣಿಮೆ ಚಂದ್ರ ಬರಬೇಕಾದ ಜಾಗದಲ್ಲಿ ಬಹಳ ಹೊತ್ತು ಏನೂ ಕಾಣಲಿಲ್ಲ. ಸಂಜೆಯ ಬೆಳಕು ಇಳಿದ ಮೇಲೆ ಒಂದು ಮಸುಕಾದ ಕೆಂಪು ಉಂಡೆ ಅಲ್ಲಿಯೇ ತೂಗುತ್ತಿದ್ದದ್ದು ಮಕ್ಕಳಿಗೇ ಮೊದಲು ಕಂಡಿತು. ಕೆಳಗೆ ಅಡಿಗೆ ಪಾತ್ರೆ ಮುಚ್ಚಿಡುತ್ತಿದ್ದ ಅವರ ದಾದಿಯೂ ಕೂಗು ಕೇಳಿ ಮೇಲೆ ಬಂದರು. 7 ಗಂಟೆ 37 ನಿಮಿಷಕ್ಕೆ ಅಂಚು ಬೆಳಗಬೇಕೆಂದು ಪತ್ರಿಕೆಯಲ್ಲಿ ಕೊಟ್ಟಿದ್ದರು. ಮಕ್ಕಳು ಮೊಬೈಲಿನ ಗಡಿಯಾರ ಹಿಡಿದು ಎಣಿಸಿದರು. ಬೆಳಗಿತು. ದಾದಿ ಇಷ್ಟು ಕರಾರುವಾಕ್ಕಾಗಿ ಯಾರು ಲೆಕ್ಕ ಹಾಕಿದರು ಎಂದು ಕೇಳಿದರು. ಕೇತಕರರ ಹೆಸರನ್ನು ನಮ್ಮ ಮನೆಯಲ್ಲಿ ಮೊದಲ ಸಲ ಹೇಳಿದ್ದು ಆಗಲೇ.

2028ರ ಡಿಸೆಂಬರ್ 31ರ ರಾತ್ರಿ ಖಗ್ರಾಸ ಚಂದ್ರಗ್ರಹಣವಿದೆ. ನಮ್ಮ ಊರುಗಳಿಂದ ಆರಂಭದಿಂದ ಕೊನೆಯವರೆಗೂ ಕಾಣುತ್ತದೆ. ಚಳಿಗಾಲವಾದ್ದರಿಂದ ಮೋಡದ ಕಾಟ ಕಡಿಮೆ, ಆದರೆ ಮಕ್ಕಳಿಗೆ ಕಂಬಳಿ ಬೇಕು. ದುರ್ಬೀನು ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಒಂದು ವಹಿ, ಒಂದು ಪೆನ್ಸಿಲು, ಸರಿಯಾದ ಗಡಿಯಾರ ಇಟ್ಟುಕೊಳ್ಳಿ. ಅಂಚು ಮೊದಲು ಕಪ್ಪಾದದ್ದು, ಪೂರ್ತಿ ಮುಚ್ಚಿದ್ದು, ಮತ್ತೆ ಬೆಳಗಿದ್ದು, ಪೂರ್ತಿ ಬಿಟ್ಟದ್ದು, ನಾಲ್ಕೂ ಸಮಯ ಬರೆಯಿರಿ. ಕೆಂಪು ಎಷ್ಟು ಗಾಢ ಎಂದು ಪ್ರತಿಯೊಬ್ಬರೂ ತಮ್ಮ ತಮ್ಮ ಮಾತಿನಲ್ಲಿ ಬರೆಯಲಿ, ಇಬ್ಬರ ಮಾತು ಒಂದೇ ಆಗುವುದಿಲ್ಲ. ದೂರದ ಊರಿನಲ್ಲಿ ದುಡಿಯುವ ಅಣ್ಣನೋ ಮಾಮುವೋ ಇದ್ದರೆ ಅವರಿಗೂ ಫೋನಿನಲ್ಲಿ ಹೇಳಿಡಿ. ಸೌದಿಯಲ್ಲಿದ್ದವರ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಹಿಂದೆ ಇರುತ್ತದೆ, ಆದರೆ ನೆರಳು ಇಬ್ಬರಿಗೂ ಒಂದೇ ಕ್ಷಣಕ್ಕೆ ಮುಟ್ಟುತ್ತದೆ. ಪೇಟೆಯಲ್ಲಿ ಸಿಗುವ ಎರಡು ಮೂರು ಪಂಚಾಂಗಗಳ ಸಮಯವನ್ನು ಮೊದಲೇ ಬರೆದುಕೊಂಡು ಪಕ್ಕದಲ್ಲಿಡಿ. ರಾತ್ರಿ ಎಂಟೂವರೆ ದಾಟಿದ ಮೇಲೆ ಸ್ಪರ್ಶ, ಪೌಣೆ ಹತ್ತರಿಂದ ಹನ್ನೊಂದರ ಸುಮಾರಿನವರೆಗೆ ಖಗ್ರಾಸ, ಮೋಕ್ಷವಾಗುವ ಹೊತ್ತಿಗೆ ಹನ್ನೆರಡು ಹೊಡೆದು 2029 ಬಂದಿರುತ್ತದೆ.